ದಾಸವಾಳಕ್ಕೆ ಹದಿನೈದು ದಿನಕ್ಕೊಂದು ಕ್ಷೌರ

ಹೆಂಡತಿ: ಗಿಡಕ್ಕೆ ನೀರಿಗೆ ಕಮ್ಮಿ ಇಲ್ಲ, ಬಿಸಿಲಿಗೆ ಕಮ್ಮಿ ಇಲ್ಲ. ನಾಲ್ಕು ವರ್ಷದಿಂದ ಒಂದೇ ಒಂದು ಹೂ ಬಿಟ್ಟಿಲ್ಲ ಅಂದ್ರೆ ಏನರ್ಥ? ನಿಮ್ಮ ಕೈಗುಣ ಸರಿ ಇಲ್ಲ ಅಂತ ಅರ್ಥ.

ಗಂಡ: ಲೇ, ನಡುರಸ್ತೇಲಿ ಕೈಗುಣದ ಮಾತು ಎತ್ತಬೇಡ. ಯಾರಾದ್ರೂ ಗಿರಾಕಿ ಕೇಳಿಸ್ಕೊಂಡ್ರೆ ನಾಳೆಯಿಂದ ನನ್ನ ಕುರ್ಚಿ ಖಾಲಿ.

ಗಂಡನ ಆತಂಕ ಸುಳ್ಳಲ್ಲ. ಇಪ್ಪತ್ತೆರಡು ವರ್ಷದಿಂದ ಸೆಲೂನ್ ನಡೆಸುವ ಮನುಷ್ಯನಿಗೆ ಕೈಗುಣ ಬಿಟ್ಟರೆ ಬೇರೆ ಬಂಡವಾಳ ಏನಿದೆ? ಅಂದು ಅಂಗಡಿಗೆ ವಾರದ ರಜೆ. ಅಂಗಡಿಗೆ ರಜೆಯೇ ಹೊರತು ಅವನ ಕಿವಿಗೆ ರಜೆ ಇರಲಿಲ್ಲ. ಬೆಳಿಗ್ಗೆ ದಾಸವಾಳದ ಸುತ್ತ ಗುಡಿಸಿದ ಎಲೆ, ಕಡ್ಡಿಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿಕೊಂಡು, ಗಂಡನನ್ನೂ ಎಳೆದುಕೊಂಡು ಹೆಂಡತಿ ನರ್ಸರಿಗೆ ಹೊರಟಿದ್ದಳು.

ಹೆಂಡತಿ: ಅಕ್ಕನ ಗಿಡವೂ ಇದೇ ಜಾತಿ. ತವರಿನ ಗಿಡದಿಂದ ಒಂದೇ ದಿನ ಇಬ್ಬರೂ ಒಂದೊಂದು ಕಡ್ಡಿ ಮುರ್ಕೊಂಡು ಬಂದಿದ್ದು. ಅವಳದ್ದು ದಿನಾ ನಲವತ್ತು ಹೂ ಬಿಡುತ್ತಂತೆ. ಭಾನುವಾರ ಅವಳು ಬಂದು ನೋಡಿದ್ರೆ ಏನು ಹೇಳಲಿ?

ಗಂಡ: ಇದ್ದದ್ದು ಹೇಳು. ನಮ್ಮದು ಬಿಟ್ಟಿಲ್ಲ ಅನ್ನು.

ಹೆಂಡತಿ: ಹೇಗೆ ಹೇಳಲಿ? ದಿನಾ ಐವತ್ತು ಬಿಡುತ್ತೆ ಅಂತ ಫೋನಲ್ಲಿ ಹೇಳಿಬಿಟ್ಟಿದ್ದೀನಲ್ಲ!

ಗಂಡ: ಒಂದೂ ಇಲ್ಲದ ಕಡೆ ಐವತ್ತಾ?

ಹೆಂಡತಿ: ಅವಳು ನಲವತ್ತು ಅಂದಾಗ ನಾನು ಮೂವತ್ತು ಅನ್ನೋಕಾಗುತ್ತಾ? ನೋಡಿ, ಹೇಳಿರ್ತೀನಿ. ಅಕ್ಕನ ಮುಂದೆ ನನ್ನ ಮಾನ ಹೋದ್ರೆ, ಅವತ್ತೇ ಸಂಜೆ ಆ ಗಿಡವನ್ನ ಬುಡಸಮೇತ ಕಿತ್ತು ಬಿಸಾಕಿ ಅಲ್ಲಿ ಬಟ್ಟೆ ಒಣಗಿಸೋ ಕಂಬ ನೆಡ್ತೀನಿ. ಕಂಬ ಯಾಕೆ ಹೂ ಬಿಟ್ಟಿಲ್ಲ ಅಂತ ಯಾರೂ ಕೇಳಲ್ಲ.

ಹೂವು ಬಿಡಲಿ, ಬಿಡದಿರಲಿ, ಆ ಗಿಡವೆಂದರೆ ಗಂಡನಿಗೆ ಪ್ರಾಣ. ಕತ್ತರಿ ಹಿಡಿದಾಗ ತಲೆ ಅಲ್ಲಾಡಿಸದ, ಮಧ್ಯೆ ಫೋನಿನಲ್ಲಿ ಮಾತಾಡದ, ಕೊನೆಗೆ ಕನ್ನಡಿ ನೋಡಿ ಮುಖ ಸಿಂಡರಿಸದ ಏಕೈಕ ಗಿರಾಕಿ ಅದು. ಹೆಂಡತಿಯ ಮಾತು ಕೇಳಿದ ಮೇಲೆ ಅವನ ನಡಿಗೆಯೇ ಜೋರಾಯಿತು.

ನರ್ಸರಿಯಲ್ಲಿ ಇವರಿಗೆ ಸಿಕ್ಕಿದ್ದು ನರ್ಸರಿಯಮ್ಮ. ಮೂವತ್ತು ವರ್ಷ ಮಣ್ಣಿನಲ್ಲಿ ಕೈಯಾಡಿಸಿದ ಹೆಂಗಸು. ಗಿಡಗಳನ್ನೂ ಗಿರಾಕಿಗಳನ್ನೂ ಒಂದೇ ದನಿಯಲ್ಲಿ ಗದರುವುದು ಆಕೆಯ ರೂಢಿ. ಗಿಡಗಳು ಸುಮ್ಮನೆ ಕೇಳಿಸಿಕೊಳ್ಳುತ್ತವೆ, ಗಿರಾಕಿಗಳು ಎದುರು ಮಾತಾಡುತ್ತಾರೆ ಎಂಬುದೊಂದೇ ಆಕೆಯ ದೂರು.

ನರ್ಸರಿಯಮ್ಮ: ಏನು ತೊಂದರೆ, ಬೇಗ ಹೇಳಿ. ಆ ಕಡೆ ಗುಲಾಬಿಗೆ ಕುಂಡ ಬದಲಾಯಿಸ್ಬೇಕು.

ಗಂಡ: ಅಮ್ಮಾ, ತಲೆ ತುಂಬ ಚೆನ್ನಾಗಿದೆ. ಒತ್ತಾಗಿ, ಕಪ್ಪಗೆ ಹೊಳೀತಿದೆ. ಉದುರೋದೂ ಕಮ್ಮಿ. ಹೋದ ತಿಂಗಳು ಸ್ವಲ್ಪ ಹೊಟ್ಟು ಬಂದಿತ್ತು, ಶಾಂಪೂ ಹಾಕಿ ತೊಳೆದೆ.

ನರ್ಸರಿಯಮ್ಮ: ಸ್ವಾಮಿ, ಇದು ನರ್ಸರಿ. ತಲೆ ಡಾಕ್ಟ್ರು ಎದುರು ರಸ್ತೇಲಿದ್ದಾರೆ.

ಹೆಂಡತಿ: ಗಿಡದ ವಿಷಯಾನೇ ಅಮ್ಮಾ. ಇವರಿಗೆ ಎಲ್ಲಾನೂ ತಲೆ ಥರಾನೇ ಕಾಣುತ್ತೆ. ನಮ್ಮದು ಸೆಲೂನು.

ನರ್ಸರಿಯಮ್ಮ: ಗಿಡಕ್ಕೆ ಹೊಟ್ಟು ಎಲ್ಲಿಂದ ಬಂತು?

ಗಂಡ: ಎಲೆಯ ಬುಡದಲ್ಲಿ ಬೆಳ್ಳಗೆ, ಹತ್ತಿ ಅಂಟಿದ ಹಾಗೆ. ಮುಟ್ಟಿದ್ರೆ ಅಂಟಂಟು. ನಮ್ಮಲ್ಲಿ ಅಂಥದ್ದಕ್ಕೆ ಒಂದೇ ಔಷಧಿ. ಶಾಂಪೂನ ತೆಳ್ಳಗೆ ಕಲೆಸಿ, ಬೆರಳಲ್ಲಿ ಚೆನ್ನಾಗಿ ಉಜ್ಜಿ, ಐದು ನಿಮಿಷ ಬಿಟ್ಟು ತೊಳೆದೆ. ಮೂರು ವಾರದಲ್ಲಿ ಮಾಯ!

ಬೇರೆಯವರ ಗಿಡದ ವಿಷಯದಲ್ಲಿ ತಪ್ಪು ಹುಡುಕಲಾಗದಿದ್ದಾಗ ನರ್ಸರಿಯಮ್ಮನಿಗೆ ಸಮಾಧಾನವೇ ಇಲ್ಲ.

ನರ್ಸರಿಯಮ್ಮ: ಅದು ಹಿಟ್ಟು ತಿಗಣೆ ಅಂತ ಒಂದು ಹುಳ. ಸೋಪಿನ ನೀರಲ್ಲಿ ತೊಳೀಬೇಕಾದ್ದೇ. ನೀವು ಗೊತ್ತಿಲ್ಲದೆ ಸರಿ ಮಾಡಿದ್ದೀರಿ.

ಗಂಡ (ಹೆಂಡತಿಯ ಕಡೆ ತಿರುಗಿ): ಕೇಳಿಸ್ತಾ? ಕೈಗುಣ!

ಹೆಂಡತಿ: ಅಷ್ಟಕ್ಕೇ ಉಬ್ಬಬೇಡಿ. ಗೊತ್ತಿಲ್ಲದೆ ಅಂದ್ರು, ಅದೂ ಕೇಳಿಸ್ತು.

ನರ್ಸರಿಯಮ್ಮ: ಗೊಬ್ಬರ ಏನು ಹಾಕ್ತೀರಿ?

ಗಂಡ: ಮನೆಯದ್ದೇ ಅಮ್ಮಾ. ಅಂದ್ರೆ ಅಂಗಡಿಯದ್ದು. ಕೂದಲು.

ನರ್ಸರಿಯಮ್ಮ: ಕೂದಲಾ?

ಗಂಡ: ಕೂದಲು ಒಳ್ಳೆ ಗೊಬ್ಬರ ಅಂತ ಯಾರೋ ಗಿರಾಕಿ ಹೇಳಿದ್ರು. ತಿಂಗಳಿಗೆ ಎರಡು ಮೂಟೆ ಬುಡಕ್ಕೆ ಹಾಕ್ತೀನಿ. ಆದ್ರೆ ಸಿಕ್ಕಸಿಕ್ಕವರದ್ದು ಹಾಕಲ್ಲ. ಆರಿಸಿ ಹಾಕ್ತೀನಿ. ದಟ್ಟ ಕೂದಲಿನವರದ್ದು ಮಾತ್ರ. ಬೋಳು ವಂಶದವರದ್ದು ಬೇರೆ ಬುಟ್ಟಿ.

ನರ್ಸರಿಯಮ್ಮ: ಯಾಕೆ?

ಗಂಡ: ಗಿಡಕ್ಕೆ ಅವರ ಗುಣ ಬಂದುಬಿಟ್ರೆ?

ಹೆಂಡತಿ: ಹಿಂದಿನ ಬೀದಿಯ ಲೆಕ್ಕದ ಮೇಷ್ಟ್ರು ಹೋದ ವರ್ಷ ತಪ್ಪಿ ದಟ್ಟ ಕೂದಲಿನ ರಾಶಿಗೆ ಸೇರಿಬಿಟ್ಟಿದ್ರು. ಇವರು ಅರ್ಧ ದಿನ ಕೂತು ಅವರ ಹನ್ನೊಂದು ಕೂದಲು ಆರಿಸಿ ತೆಗೆದ್ರು.

ನರ್ಸರಿಯಮ್ಮ ನಕ್ಕರು. ಆಕೆ ನಗುವುದು ಅಪರೂಪವಾದ್ದರಿಂದ ಪಕ್ಕದಲ್ಲಿ ನೀರು ಹಾಕುತ್ತಿದ್ದ ಮಾಲಿ ಪೈಪು ಹಿಡಿದುಕೊಂಡೇ ತಿರುಗಿ, ಗಂಡನ ಎಡಗಾಲಿನ ಚಪ್ಪಲಿಯನ್ನು ತೋಯಿಸಿದ.

ನರ್ಸರಿಯಮ್ಮ: ಒಂದು ಹಿಡಿ ಸಾಕಾಗಿತ್ತು, ಸ್ವಾಮಿ. ಮೂಟೆಗಟ್ಟಲೆ ಹಾಕಿದ್ರೆ ಗಿಡ ಬರೀ ಎಲೆ ಬಿಡ್ತಾ ಕೂರುತ್ತೆ. ಹೊಟ್ಟೆ ತುಂಬಿದವರಿಗೆ ಕೆಲಸ ಮಾಡೋ ಮನಸ್ಸು ಬರುತ್ತಾ? ಹಾಗೆ.

ಹೆಂಡತಿ: ನಾನು ಹೇಳಿರಲಿಲ್ವಾ? ಇವರದ್ದೇ ತಪ್ಪು!

ನರ್ಸರಿಯಮ್ಮ: ಆದ್ರೂ ನಾಲ್ಕು ವರ್ಷ ಒಂದೂ ಹೂ ಇಲ್ಲ ಅಂದ್ರೆ ಕೂದಲೊಂದೇ ಕಾರಣ ಅಲ್ಲ. ಚೀಲ ಕೊಡಿ ಇಲ್ಲಿ.

ಆಕೆ ಚೀಲದೊಳಗೆ ಕೈ ಹಾಕಿ ಒಂದು ಕಡ್ಡಿ ತೆಗೆದರು. ಇನ್ನೊಂದು ತೆಗೆದರು. ತಲೆಯ ಮೇಲಿದ್ದ ಕನ್ನಡಕ ಮೂಗಿನ ಮೇಲೆ ಇಳಿಯಿತು.

ನರ್ಸರಿಯಮ್ಮ: ಈ ಕಡ್ಡಿಗಳೆಲ್ಲ ಒಂದೇ ಉದ್ದ ಇವೆಯಲ್ಲ. ಇಷ್ಟು ನೀಟಾಗಿ ಯಾರು ಕತ್ತರಿಸಿದ್ದು?

ಗಂಡನ ಎದೆ ಎರಡಂಗುಲ ಉಬ್ಬಿತು. ನಾಲ್ಕು ವರ್ಷದಲ್ಲಿ ಮೊದಲ ಸಲ ತಿಳಿದವರೊಬ್ಬರು ಅವನ ಕೆಲಸ ಗುರುತಿಸಿದ್ದರು.

ಗಂಡ: ನಾನೇ ಅಮ್ಮಾ! ಹದಿನೈದು ದಿನಕ್ಕೊಂದು ಸಲ, ಮಳೆ ಬರಲಿ ಬಿಸಿಲಿರಲಿ, ತಪ್ಪಿಸಿದವನಲ್ಲ. ಮೊದಲು ನೀರು ಚಿಮುಕಿಸ್ತೀನಿ. ಆಮೇಲೆ ಬಾಚಣಿಗೆ ಇಟ್ಟು, ಮೇಲಿಂದ ದುಂಡಗೆ ಇಳಿಸ್ತೀನಿ. ಕತ್ತರಿಸಿದ ತುದಿಗೆಲ್ಲ ಪಟಿಕ ಸವರ್ತೀನಿ, ಉರಿ ಆಗಬಾರದಲ್ಲ.

ನರ್ಸರಿಯಮ್ಮ: ಬಾಚಣಿಗೆ ಇಟ್ಟು?

ಗಂಡ: ಬಾಚಣಿಗೆ ಇಲ್ಲದೆ ಮಟ್ಟ ಬರಲ್ಲಮ್ಮಾ.

ಹೆಂಡತಿ: ಆಮೇಲೆ ಗಿಡದ ಹಿಂದೆ ಕನ್ನಡಿ ಹಿಡಿದು ತೋರಿಸ್ತಾರೆ. ಯಾರಿಗೆ ಅಂತ ಕೇಳಿ.

ಗಂಡ: ಹಿಂದುಗಡೆ ಗೋಡೆ ಇದೆ ಅಮ್ಮಾ, ನನಗೆ ಕಾಣಬೇಡವಾ?

ನರ್ಸರಿಯಮ್ಮ ಒಂದು ಕಡ್ಡಿಯ ತುದಿಯನ್ನು ಅವನ ಮೂಗಿನ ಹತ್ತಿರ ಹಿಡಿದರು. ತುದಿಯಲ್ಲಿ ಮೆಣಸಿನ ಕಾಳಿನಷ್ಟು ಗಾತ್ರದ ಹಸಿರು ಗಂಟೊಂದಿತ್ತು.

ನರ್ಸರಿಯಮ್ಮ: ಇದೇನು?

ಗಂಡ: ಅದಾ? ಅದೊಂದು ಕಾಟ. ಮೊಡವೆ ಥರ ಏಳುತ್ತೆ. ತುದಿತುದೀಲೇ ಬರುತ್ತೆ, ದುಂಡು ಕೆಡಿಸುತ್ತೆ. ಎಷ್ಟು ಸಲ ತೆಗೆದ್ರೂ ಹದಿನೈದು ದಿನಕ್ಕೆ ಮತ್ತೆ ಹಾಜರ್. ನಾನೂ ಬಿಡಲ್ಲ, ಹುಟ್ಟಿದ ಕೂಡಲೇ ತೆಗೆದುಬಿಡ್ತೀನಿ.

ನರ್ಸರಿಯಮ್ಮ: ಅದು ಮೊಗ್ಗು, ಸ್ವಾಮಿ!

ಹೆಂಡತಿ ಚೀಲ ಕಸಿದುಕೊಂಡು ಬಗ್ಗಿ ನೋಡಿದಳು. ಒಳಗೆಲ್ಲ ಮೆಣಸಿನ ಕಾಳುಗಳೇ.

ಹೆಂಡತಿ: ಅಯ್ಯೋ! ನಾಲ್ಕು ವರ್ಷದಿಂದ ನನ್ನ ಹೂವನ್ನೆಲ್ಲ ನಾನೇ ಗುಡಿಸಿ ಗುಡಿಸಿ ಕಸಕ್ಕೆ ಹಾಕಿದ್ನಾ?

ಗಂಡ: ಮೊಗ್ಗು ಅಂದ್ರೆ ಉದ್ದಕ್ಕೆ, ಕೆಂಪಗೆ ಇರುತ್ತಲ್ವಾ?

ನರ್ಸರಿಯಮ್ಮ: ಇರುತ್ತೆ, ನೀವು ಬದುಕೋಕೆ ಬಿಟ್ರೆ! ದಾಸವಾಳ ಹೂ ಬಿಡೋದೇ ಹೊಸ ಚಿಗುರಿನ ತುದೀಲಿ. ನೀವು ಆ ತುದಿಯನ್ನೇ ಸವರಿದ್ರೆ ಅದು ಎಲ್ಲಿ ಬಿಡಬೇಕು, ಬೇರಿನಲ್ಲಾ? ವರ್ಷಕ್ಕೊಂದು ಸಲ ಕತ್ತರಿ ಆಡಿಸಿದ್ರೆ ಸಾಕು. ಈಗ ಎರಡು ತಿಂಗಳು ಗಿಡದ ಹತ್ತಿರ ಸುಳೀಬೇಡಿ. ಆಮೇಲೆ ನೋಡಿ, ಹೇಗೆ ಹೂವಾಗುತ್ತೆ ಅಂತ.

ಹೆಂಡತಿ: ಎರಡು ತಿಂಗಳಾ? ಭಾನುವಾರಕ್ಕೆ ಇನ್ನು ಐದೇ ದಿನ!

ನರ್ಸರಿಯಮ್ಮ: ಗಿಡಕ್ಕೆ ನಿಮ್ಮ ಭಾನುವಾರ ಗೊತ್ತಿಲ್ಲಮ್ಮಾ.

ಮನೆಗೆ ಬಂದ ಕೂಡಲೇ ಹೆಂಡತಿ ಮನೆಯಲ್ಲಿದ್ದ ಕತ್ತರಿಗಳನ್ನೆಲ್ಲ ಬೀರುವಿನೊಳಗಿಟ್ಟು ಬೀಗ ಜಡಿದಳು. ಆ ಐದು ದಿನ ಗಂಡ ಪಟ್ಟ ಪಾಡು ಯಾರಿಗೂ ಬೇಡ. ಗಿಡದ ಬಲಗಡೆ ಒಂದು ಚಿಗುರು ಮೆಲ್ಲಗೆ ತಲೆ ಎತ್ತಿತು. ಶುಕ್ರವಾರ ಬೆಳಿಗ್ಗೆ ಅವನು ಹಲ್ಲುಜ್ಜುತ್ತ ಅದನ್ನೇ ದಿಟ್ಟಿಸುತ್ತಿದ್ದ. ಎರಡು ಬೆರಳು ತಮ್ಮಷ್ಟಕ್ಕೆ ತಾವೇ ಗಾಳಿಯಲ್ಲಿ ಕತ್ತರಿ ಆಡಿಸುತ್ತಿದ್ದವು.

ಹೆಂಡತಿ (ಅಡುಗೆಮನೆ ಕಿಟಕಿಯಿಂದ): ಕೈ ಜೇಬಿಗೆ!

ಗಂಡ: ಬರೀ ನೋಡ್ತಿದ್ದೀನಿ ಕಣೇ.

ಹೆಂಡತಿ: ನೋಡೋದು ಕಣ್ಣಲ್ಲಿ. ಬೆರಳಲ್ಲಲ್ಲ.

ಭಾನುವಾರ ಗಂಡ ಅಂಗಡಿಯಿಂದ ಊಟಕ್ಕೆ ಬಂದ ಹೊತ್ತಿಗೆ ಅಕ್ಕ ಬಂದೇ ಬಂದಳು. ಗೇಟು ತೆಗೆದವಳು ಒಳಗೆ ಬರಲೇ ಇಲ್ಲ, ದಾಸವಾಳದ ಮುಂದೆ ನಿಂತುಬಿಟ್ಟಳು. ಗಂಡನ ಕಣ್ಣಿಗೆ ಆಗಲೇ ಅಲ್ಲಿ ಗಿಡ ಕಾಣುತ್ತಿರಲಿಲ್ಲ, ಒದ್ದೆ ಬಟ್ಟೆ ಹೊತ್ತ ಕಂಬ ಕಾಣುತ್ತಿತ್ತು.

ಹೆಂಡತಿ: ಬಾ ಅಕ್ಕ, ಕೈಕಾಲು ತೊಳ್ಕೋ. ಹೂವು... ಹೂವು ನೆನ್ನೆವರೆಗೂ ಇತ್ತು. ಪಕ್ಕದ ಮನೆಯವರು ಕೇಳಿದ್ರು, ಇಲ್ಲ ಅನ್ನೋಕಾಗಲಿಲ್ಲ.

ಅಕ್ಕ: ಐವತ್ತೂ ಕೊಟ್ಟೆಯಾ?

ಹೆಂಡತಿ: ದೊಡ್ಡ ಸಂಸಾರ ಅಕ್ಕ, ಪಾಪ.

ಅಕ್ಕ: ಹೂವು ಹಾಳಾಗಲಿ ಬಿಡೇ! ಇದೇನೇ ಇದು, ಇಷ್ಟು ದುಂಡಗೆ, ಚೆಂಡಿನ ಹಾಗೆ! ನಮ್ಮ ಗಿಡ ನೋಡ್ಬೇಕು ನೀನು. ಹುಚ್ಚನ ತಲೆ. ಹೋಗ್ತಾ ಬರ್ತಾ ಬಟ್ಟೆಗೆ ಸಿಕ್ಕಿಕೊಳ್ಳುತ್ತೆ. ಉದುರಿದ ಹೂವು ಬೆಳಿಗ್ಗೆ ಗುಡಿಸು, ಸಂಜೆ ಗುಡಿಸು, ನನ್ನ ಸೊಂಟ ಬಿದ್ದೇಹೋಯ್ತು. ಅದೂ ಅಲ್ದೆ...

ಅಕ್ಕ ಗಿಡದ ನೆತ್ತಿಯನ್ನು ಅಂಗೈಯಲ್ಲಿ ಸವರಿದಳು. ಆಮೇಲೆ ತಂಗಿಯ ಮುಖ ನೋಡದೆ ದನಿ ತಗ್ಗಿಸಿದಳು.

ಅಕ್ಕ: ನಲವತ್ತು ಅಂದಿದ್ದು ಸ್ವಲ್ಪ ಜಾಸ್ತಿಯಾಯ್ತು. ಹತ್ತು ಹನ್ನೆರಡು ಬಿಡುತ್ತೆ ಅಷ್ಟೇ. ಇಂಥ ಗಿಡ ನನ್ನದಾಗಿದ್ರೆ ಬೀದಿಯವರೆಲ್ಲ ನಿಂತು ನೋಡೋರು. ಯಾರೇ ಹೀಗೆ ಕತ್ತರಿಸಿದ್ದು?

ಗಂಡ: ನಾನೇ ಅತ್ತಿಗೆ!

ಅಕ್ಕ: ಹಾಗಾದ್ರೆ ನಮ್ಮ ಗಿಡಕ್ಕೂ ಒಂದು ಗತಿ ಕಾಣಿಸಿ. ನಿಮ್ಮ ರಜೆ ದಿನ ಬಂದು ಹೀಗೇ ಮಾಡಿಕೊಡ್ತೀರಾ?

ಗಂಡ: ಅಯ್ಯೋ, ಅದಕ್ಕೇನಂತೆ! ಆದ್ರೆ ಅತ್ತಿಗೆ, ಒಂದು ಮಾತು. ಹೀಗೆ ಕತ್ತರಿಸಿದ್ರೆ ಹೂ...

ಹೆಂಡತಿ ಅವನ ಪಾದ ತುಳಿದಳು. ಸುಮ್ಮನೆ ತುಳಿಯಲಿಲ್ಲ, ತುಳಿದು ಅಲ್ಲೇ ನಿಂತಳು.

ಹೆಂಡತಿ: ಹೂವಿನಷ್ಟು ಹಗುರ ಆಗುತ್ತೆ ಕೆಲಸ ಅಂತಿದ್ದಾರೆ. ಖಂಡಿತ ಬರ್ತಾರೆ ಅಕ್ಕ. ಒಂದು ಸಲ ಅಲ್ಲ, ಹದಿನೈದು ದಿನಕ್ಕೊಂದು ಸಲ ಕಳಿಸ್ತೀನಿ. ನೀನು ಬೇಡ ಅಂದ್ರೂ ಬಿಡಲ್ಲ.

ಊಟ ಮುಗಿಸಿ, ತಂಗಿಯ ದೊಡ್ಡ ಮನಸ್ಸನ್ನು ಬಾಯಿತುಂಬ ಹೊಗಳಿ ಅಕ್ಕ ಹೊರಟಳು. ಗೇಟು ಮುಚ್ಚಿದ ಸದ್ದಾದ ಮೇಲೆ ಹೆಂಡತಿ ಬೀರುವಿನ ಬೀಗ ತೆಗೆದು, ಎಲ್ಲಕ್ಕಿಂತ ದೊಡ್ಡ ಕತ್ತರಿಯನ್ನು ಗಂಡನ ಕೈಗಿಟ್ಟಳು.

ಗಂಡ: ಪಾಪ ಕಣೇ, ಒಡಹುಟ್ಟಿದವಳು. ನಾನು ಹೋಗ್ತಾ ಬಂದ್ರೆ ಅವರ ಗಿಡದಲ್ಲಿ ಒಂದೇ ಒಂದು ಹೂವೂ ಉಳಿಯಲ್ಲ.

ಹೆಂಡತಿ: ನಾನೇನು ಕೆಟ್ಟದ್ದು ಬಯಸಿದ್ನಾ? ಗುಡಿಸಿ ಗುಡಿಸಿ ಸೊಂಟ ಬಿದ್ದೇಹೋಯ್ತು ಅಂದಳು. ಅವಳ ಸೊಂಟಕ್ಕೆ ನನ್ನ ಕೈಲಾದ ಸಹಾಯ ಮಾಡ್ತಿದ್ದೀನಿ.

ಗಂಡ: ಮತ್ತೆ ಎರಡು ತಿಂಗಳಾದ ಮೇಲೆ ನಮ್ಮ ಗಿಡ ಹೂ ಬಿಟ್ಟು ಉದುರಿಸುತ್ತಲ್ಲ, ಆಗ ನಿನ್ನ ಸೊಂಟ?

ಹೆಂಡತಿ: ನನ್ನ ಸೊಂಟಕ್ಕೇನಾಗುತ್ತೆ? ನಾಲ್ಕು ವರ್ಷ ಮೊಗ್ಗು ಗುಡಿಸಿದವಳು ನಾನು. ಹೂವು ಗುಡಿಸೋ ಸರದಿ ನಿಮ್ಮದು.