ಟ್ರಂಕಿನಲ್ಲಿಟ್ಟ ಸರಕಾರಗಳು

ಮುಂದೆಂದಾದರೂ ಬೇಕಾದೀತು ಎಂದು ವಸ್ತುಗಳನ್ನು ಎತ್ತಿಡುವ ಚಟ ಒಮ್ಮೆ ಹತ್ತಿತೆಂದರೆ ಬಿಡುವುದಿಲ್ಲ. ಕೆಲವರು ಹಳೆಯ ಕೀಲಿಕೈ ಇಡುತ್ತಾರೆ, ಕೆಲವರು ಮದುವೆಯ ಕಾರ್ಡು. ನಾನು ಬಿದ್ದುಹೋದ ಸರಕಾರಗಳನ್ನು ಇಟ್ಟುಕೊಂಡಿದ್ದೆ. ನಗಬೇಡಿ, ಖರೆ ಹೇಳುತ್ತಿದ್ದೇನೆ. ಬೆಟಗೇರಿಯ ನಮ್ಮ ಮನೆಯಲ್ಲಿ ಮಂಚದ ಕೆಳಗೆ ಒಂದು ತಗಡಿನ ಟ್ರಂಕು, ಅದರ ತುಂಬ ಶಾಲು. ನಾನು ಕೈಮಗ್ಗದ ನೇಕಾರ, ಮೇಲೆ ಓಣಿಯ ನೇಕಾರರ ಸಂಘಕ್ಕೆ ಕಾರ್ಯದರ್ಶಿ. ಗೆದ್ದು ಬಂದವರಿಗೆ ನೇಕಾರರೇ ಅಂಗಡಿಯ ಶಾಲು ಹೊದಿಸಿದರೆ ಮಾನ ಉಳಿದೀತೇ? ಆದ್ದರಿಂದ ಅವರವರ ಪಕ್ಷದ ಬಣ್ಣದಲ್ಲಿ ಅಂಚಿಗೆ ದಡಿ ಹಾಕಿ ನಾವೇ ನೇಯ್ದು ಹೊದಿಸುವುದು ನಮ್ಮ ಸಂಘದ ಪದ್ಧತಿ. ಯಾವ ಯಾವ ಬಣ್ಣ ಎಂದು ಮಾತ್ರ ಕೇಳಬೇಡಿ. ನಾನು ಇದೇ ಊರಲ್ಲಿ ಬಾಳಬೇಕಾದವನು.

ಅಜ್ಜನ ಕಾಲಕ್ಕೆ ಈ ಕೆಲಸ ಬಲು ಹಗುರಾಗಿತ್ತು. ನಮ್ಮ ಕಡೆಯ ಶಾಸಕರು ಮೊದಲು ಮುಂಬೈಗೆ ಹೋಗುತ್ತಿದ್ದರು, ಕನ್ನಡ ನಾಡು ಒಂದಾದ ಮೇಲೆ ಬೆಂಗಳೂರಿಗೆ. ಹತ್ತುವ ರೈಲು ಬದಲಾಯಿತೇ ಹೊರತು ಆಳುವ ಪಕ್ಷ ಬದಲಾಗಲಿಲ್ಲ. ಅಜ್ಜ ಒಂದೇ ಬಣ್ಣದ ನೂಲು ತಂದಿಟ್ಟು ಹಾಯಾಗಿ ಎಲೆಯಡಿಕೆ ಹಾಕಿಕೊಂಡು ಕೂತಿರುತ್ತಿದ್ದನಂತೆ. ಅಪ್ಪನ ನಡುವಯಸ್ಸಿನಲ್ಲಿ ಮೊದಲ ಸಲ ಬೇರೆಯವರು ವಿಧಾನಸೌಧದ ಮೆಟ್ಟಿಲು ಹತ್ತಿದರು. ಅಪ್ಪ ಗಾಬರಿಬಿದ್ದು ಬಣ್ಣ ಹಾಕುವ ಹುಸೇನಸಾಬರ ಮನೆಗೆ ಓಡಿದ್ದನ್ನು ನಾನೇ ನೋಡಿದ್ದೇನೆ. ನನ್ನ ಕೈಗೆ ಸಂಘ ಬಂದ ಮೇಲಂತೂ ಕೇಳಲೇಬೇಡಿ. ಈ ಸಲ ಕೂಡ್ರಿಸಿದವರನ್ನು ಜನ ಮುಂದಿನ ಸಲ ಎಬ್ಬಿಸಿ ಕಳಿಸತೊಡಗಿದರು. ಯಾರಿಗೂ ಬಹುಮತ ಬಾರದೆ ಇಬ್ಬರು ಕೂಡಿ ಸರಕಾರ ಮಾಡಿದಾಗ ಒಂದೇ ಶಾಲಿಗೆ ಈ ಕಡೆ ಒಂದು ಬಣ್ಣ, ಆ ಕಡೆ ಒಂದು ಬಣ್ಣ ಹಾಕಿದೆ. ಇಪ್ಪತ್ತು ತಿಂಗಳು ನೀನು, ಇಪ್ಪತ್ತು ತಿಂಗಳು ನಾನು ಎಂದು ಮಾತಾಗಿದ್ದವರು ಪಾಳಿ ಬಂದಾಗ ಜಗಳಾಡಿಕೊಂಡರು. ಇನ್ನೊಮ್ಮೆ ಸರಕಾರ ಮೂರೇ ದಿನಕ್ಕೆ ಬಿತ್ತು. ಮೂರು ದಿನದಲ್ಲಿ ನಮ್ಮ ಮಗ್ಗಕ್ಕೆ ಹಾಸು ಹೂಡುವುದೂ ಮುಗಿಯುವುದಿಲ್ಲ, ಸ್ವಾಮಿ. ಹೀಗೆ ಹೊದಿಸುವ ಮೊದಲೇ ಹಳತಾದ ಶಾಲುಗಳೆಲ್ಲ ಟ್ರಂಕು ಸೇರಿದವು. ಬಿದ್ದವರು ಇಂದಲ್ಲ ನಾಳೆ ಎದ್ದು ಬರುತ್ತಾರೆ, ಆಗ ಬೇಕಾಗುತ್ತವೆ ಎಂಬುದು ನನ್ನ ಲೆಕ್ಕಾಚಾರ.

ಹೀಗಿರುವಾಗ ಲಕ್ಷ್ಮೇಶ್ವರಕ್ಕೆ ಕೊಟ್ಟ ಮಗಳು ಚೊಚ್ಚಲ ಬಾಣಂತನಕ್ಕೆ ಮನೆಗೆ ಬಂದಳು. ಕೂಸಿಗೆ ತವರಿನ ಕೌದಿ ಬೇಕೇ ಬೇಕು. ನನ್ನ ಹೆಂಡತಿ ಗಂಗವ್ವ ಒಳಪದರಿಗೆ ತನ್ನ ಹಳೆಯ ಸೀರೆಗಳನ್ನು ತೆಗೆದಿಟ್ಟು, ಮೇಲಿನ ಪದರಿಗೆ ಬಣ್ಣದ ಅರಿವೆ ಬೇಕೆಂದು ಟ್ರಂಕಿನ ಮುಂದೆ ಬಂದು ಕೂತಳು. ನಾನು ಕೀಲಿ ಕೊಡಲಿಲ್ಲ. ಬರುವ ರವಿವಾರ ಸಂಘದ ನೂಲಿನ ಗೋದಾಮು ಉದ್ಘಾಟನೆಗೆ ಶಾಸಕರು ಬರುವವರಿದ್ದರು. ಅವರ ಬಣ್ಣದ ಶಾಲು ಅದರೊಳಗೇ ಇತ್ತು. ಅದೊಂದು ಬಿಟ್ಟು ಉಳಿದವನ್ನಾದರೂ ಕೊಡಿ ಎಂದಳು. ಪ್ರತಿಯೊಂದಕ್ಕೂ ಅದರದರ ಪಾಳಿ ಐತಿ ಎಂದೆ.

“ಅವರು ಬರ್ತಾರ, ಹೋಗ್ತಾರ, ಮತ್ತ ಬರ್ತಾರ,” ಎಂದಳು ಗಂಗವ್ವ. “ನಿಮ್ಮ ಮಗಳ ಮೊದಲನೇ ಕೂಸು ಒಮ್ಮೆನ ಬರೂದು. ಅದು ಬರೇ ಚಾಪಿ ಮ್ಯಾಲೆ ಮಲಗಲೇನು?”

ಅಷ್ಟು ಹೇಳಿ ಅಡುಗೆಮನೆಗೆ ಸಭಾತ್ಯಾಗ ಮಾಡಿದಳು. ನಾಲ್ಕು ದಿನ ಹೊತ್ತುಹೊತ್ತಿಗೆ ರೊಟ್ಟಿ ಬಂತು, ಮಾತು ಬರಲಿಲ್ಲ. ಆದರೂ ಕೀಲಿ ಉಡಿದಾರದಲ್ಲೇ ಇತ್ತು.

ರವಿವಾರ ಶಾಲಿಗೆ ಇಸ್ತ್ರಿ ಮಾಡಿ, ಮಡಿಕೆ ಮುರಿಯದಂತೆ ಒಯ್ದು, ಶಾಸಕರ ಹೆಗಲಿಗೆ ನಾನೇ ಹೊದಿಸಿದೆ. ಚಪ್ಪಾಳೆಗೆ ಎತ್ತಿದ ಕೈಗಳು ಅರ್ಧಕ್ಕೇ ನಿಂತವು. ಹಿಂದಿನ ಸಂಜೆ ಹುಬ್ಬಳ್ಳಿಯಲ್ಲಿ ಶಾಸಕರು ಪಕ್ಷ ಬದಲಿಸಿದ್ದರು! ಊರಿಗೆಲ್ಲ ಖಬರ ಮುಟ್ಟಿತ್ತು. ನಾನೊಬ್ಬ ಇಸ್ತ್ರಿ ಪೆಟ್ಟಿಗೆಯ ಮುಂದೆ ಕೂತಿದ್ದೆ. ಅವರಾದರೂ ಹಳೆಯ ಹುಲಿ. ದಡಿಯನ್ನು ಬೆರಳಲ್ಲಿ ಮುಟ್ಟಿ ನೋಡಿ, ನನ್ನ ಕಿವಿಯ ಹತ್ತಿರ ಬಂದು, “ನೇಯ್ಗಿ ಛಲೋ ಐತ್ರಿ, ಕಾರ್ಯದರ್ಶಿಗಳ. ಒಂದ ದಿನಾ ತಡಾ ಆತು ನೋಡ್ರಿ,” ಎಂದರು. ಶಾಲನ್ನು ಮಡಚಿ ನನ್ನ ಕೈಗೇ ಕೊಟ್ಟರು. ಮಾನ ಮೂರಾಬಟ್ಟೆಯಾಯಿತು. ದಾರಿಯಲ್ಲಿ ಮುದುಕ ಹುಸೇನಸಾಬರು ಸಿಕ್ಕು, ಬಣ್ಣ ಬಿಡದಂತೆ ನೂಲಿಗೆ ಹಾಕಿಕೊಡಬಲ್ಲೆ, ಮನುಷ್ಯರಿಗೆ ಹಾಕುವುದು ನನಗೂ ಗೊತ್ತಿಲ್ಲ ಎಂದು ಸಮಾಧಾನ ಹೇಳಿದರು.

ಮನೆಗೆ ಬಂದವನೇ ಕೀಲಿ ಬಿಚ್ಚಿ ಗಂಗವ್ವನ ಮುಂದಿಟ್ಟೆ. ಪಕ್ಷಾಂತರಿಗಳನ್ನು ಕಟ್ಟೆಯ ಮೇಲೆ ಕೂತು ಬಾಯ್ತುಂಬ ಬೈಯುತ್ತಿದ್ದ ನಾನು ಅಂದು ಒಂದೇ ಗಳಿಗೆಯಲ್ಲಿ ಹೆಂಡತಿಯ ಪಕ್ಷ ಸೇರಿದೆ. ಆಕೆ ಕತ್ತರಿ ತಂದಳು. ಎಂಟು ದಿನದಲ್ಲಿ ಕೌದಿ ಆಯಿತು. ಸದನದಲ್ಲಿ ಒಬ್ಬರ ಮೈಮೇಲೊಬ್ಬರು ಏರಿ ಹೋದವರೆಲ್ಲ ನಮ್ಮ ಮನೆಯಲ್ಲಿ ಮಗ್ಗುಲಿಗೆ ಮಗ್ಗುಲು ಹಚ್ಚಿ ತೆಪ್ಪಗೆ ಬಿದ್ದುಕೊಂಡರು. ಮೂರು ದಿನದವರಿಗೂ ಒಂದು ಮೂಲೆ ಸಿಕ್ಕಿತು. ಕೂಸು ಬಂತು, ಹೆಣ್ಣು. ಅದು ಆ ಕೌದಿಯ ಮೇಲೆ ಮುಷ್ಟಿ ಕಟ್ಟಿ ಮಲಗಿದ್ದನ್ನು ಕಂಡು ನನ್ನ ಕಣ್ಣು ತುಂಬಿ ಬಂದವು. ಇಷ್ಟು ವರ್ಷ ಇವನ್ನು ಯಾರಿಗೆಂದು ಕಾದಿಟ್ಟಿದ್ದೆನೋ ಹುಚ್ಚ ಎಂದು ನನ್ನನ್ನೇ ಬೈದುಕೊಂಡೆ.

ಇಲ್ಲಿಗೇ ಮುಗಿಸಿದ್ದರೆ ನಾನು ದೊಡ್ಡ ಮನುಷ್ಯನಾಗುತ್ತಿದ್ದೆ. ಆದರೆ ತಿಂಗಳೊಪ್ಪತ್ತಿನಲ್ಲಿ ಹೊಸ ಖಬರ ಬಂತು: ಶಾಸಕರು ಹಳೆಯ ಪಕ್ಷಕ್ಕೇ ಮರಳಿದ್ದಾರೆ, ನಾಳೆ ಮುಂಜಾನೆ ನಮ್ಮ ಓಣಿಗೆ ಬರುತ್ತಾರೆ. ನಾನು ಸದ್ದಿಲ್ಲದೆ ಹೋಗಿ ಕೂಸಿನ ಹತ್ತಿರ ಕೂತೆ. ಆ ಬಣ್ಣ ಎರಡನೆಯ ಸಾಲಿನಲ್ಲಿತ್ತು. ಪುಣ್ಯಕ್ಕೆ ಗಂಗವ್ವ ಆ ಶಾಲನ್ನು ಕತ್ತರಿಸದೆ ಉದ್ದಕ್ಕೆ ಮಡಚಿ ಹೊಲಿದಿದ್ದಳು. ಎಳೆ ಬಿಚ್ಚಿ, ತೊಳೆದು, ಗಂಜಿ ಹಾಕಿದರೆ ಬೆಳಗಾಗುವುದರೊಳಗೆ ಒಣಗೀತು.

“ಕೂಸಿನ್ನ ನೋಡಾಕ ಬಂದೀರೋ, ಕೌದಿ ನೋಡಾಕ ಬಂದೀರೋ?” ಗಂಗವ್ವ ಬಾಗಿಲಲ್ಲಿ ನಿಂತಿದ್ದಳು.

“ಕೂಸಿನ್ನ,” ಎಂದೆ.

ಸದನಕ್ಕೆ ಸುಳ್ಳು ಹೇಳಿದ್ದಕ್ಕೆ ಆಕೆ ನನ್ನ ಮೇಲೆ ಹಕ್ಕುಚ್ಯುತಿ ಮಂಡಿಸಬಹುದಿತ್ತು. ಮಂಡಿಸಲಿಲ್ಲ. ಹಾಗಾದರೆ ಹಿಡೀರಿ ಎಂದು ಕೂಸನ್ನು ಎತ್ತಿ ನನ್ನ ತೊಡೆಯ ಮೇಲೆ ಹಾಕಿ ಹೋದಳು. ನಾನು ಮೆಲ್ಲಗೆ ಕೈ ಚಾಚಿ ಎರಡನೆಯ ಸಾಲನ್ನು ಮುಟ್ಟಿ ನೋಡಿದೆ. ಪೂರ್ತಿ ಒದ್ದೆಯಾಗಿತ್ತು.