ವೈರಿಲ್ಲದ ವ್ಯಾನು

ಎಲ್ಲದಕ್ಕೂ ಕಾರಣ ಒಂದು ಮೊಂಬತ್ತಿ. ಡ್ರಾಯಿಂಗ್ ಮೇಷ್ಟ್ರು ಬೆಳಿಗ್ಗೆ ಎದ್ದವರೇ ತಮ್ಮ ವ್ಯಾನಿನೊಳಗೆ ಸೇರಿ, ಪರದೆಗಳನ್ನೆಲ್ಲ ಎಳೆದು ಕತ್ತಲು ಮಾಡಿಕೊಂಡು, ಮೊಂಬತ್ತಿ ಹಚ್ಚಿ ಅದರ ಚೆಂದ ನೋಡುತ್ತ ಕೂತರು. ನೋಡಿದ್ದು ಅವರೊಬ್ಬರೇ ಅಲ್ಲ. ಕಿಟಕಿಯ ಪರದೆಯೂ ಗಾಳಿಗೆ ಬಗ್ಗಿ ನೋಡಿತು.

"ರೀ, ಸುಟ್ಟ ವಾಸನೆ!" ಎನ್ನುತ್ತ ಹೆಂಡತಿ ಬಕೆಟ್ ಸಮೇತ ಓಡಿಬಂದರು. ಪರದೆಯ ಒಂದು ಮೂಲೆ ಹೋಯಿತು. ಹಾಸಿಗೆ, ಮೇಷ್ಟ್ರು ಎರಡೂ ತೊಯ್ದು ತೊಪ್ಪೆಯಾದವು.

ನಿವೃತ್ತರಾದ ಮೇಲೆ ಮೇಷ್ಟ್ರು ಕೊಂಡ ಹಳೇ ವ್ಯಾನು ಅದು. ಸೀಟು ಕಿತ್ತು, ಹಲಗೆಯ ಮಂಚ ಕೂರಿಸಿ, ಗೂಡು ಹೊಡೆದು, ಒಳಗೊಂದು ಪುಟ್ಟ ಮನೆ ಮಾಡಿದ್ದರು. ಇವತ್ತು ಸಂಜೆ ಗಂಡ ಹೆಂಡತಿ ಇಬ್ಬರೇ ಊರಾಚೆಯ ಕೆರೆ ದಂಡೆಗೆ ಹೋಗಿ ಒಂದು ರಾತ್ರಿ ಇದ್ದು ಬರುವುದೆಂದು ಮಾತಾಗಿತ್ತು. ಅಲ್ಲಿ ಕರೆಂಟಿಲ್ಲ. ಅದಕ್ಕಿಂತ ಮುಖ್ಯವಾಗಿ, ಅಕ್ಕಪಕ್ಕದವರಿಲ್ಲ. ಮದುವೆಯಾದಾಗಿನಿಂದ ಮೇಷ್ಟ್ರು ಹೆಂಡತಿಯ ಹತ್ತಿರ ಶುರು ಮಾಡಿದ ಯಾವ ಮಾತನ್ನೂ ಅವರೇ ಮುಗಿಸಿದ್ದಿಲ್ಲ. ನಡುವೆ ಯಾರಾದರೂ ನೆರೆಯವರು ಬಂದು ಮುಗಿಸಿಕೊಡುತ್ತಿದ್ದರು.

ಬಕೆಟ್ ಕೆಳಗಿಟ್ಟು ಹೆಂಡತಿ ಸೊಂಟಕ್ಕೆ ಕೈ ಕೊಟ್ಟರು. "ಒಳಗೆಲ್ಲಾ ಮರ, ಹಾಸಿಗೆ, ಬಟ್ಟೆ. ಬೆಂಕಿ ಕೂಡದು. ಹಾಗಂತ ಕತ್ತಲಲ್ಲಿ ಗೂಬೆ ಥರ ಕೂರೋಕೂ ನನ್ನಿಂದಾಗಲ್ಲ. ಸಂಜೆಯೊಳಗೆ ಏನಾದ್ರೂ ದಾರಿ ಮಾಡಿ. ಇಲ್ದಿದ್ರೆ ನಾನು ಬರಲ್ಲ."

ಗೇಟಿಗೊರಗಿ ನಿಂತಿದ್ದ ಹೆಂಡತಿಯ ತಮ್ಮ ಕಿಸಕ್ಕನೆ ನಕ್ಕ. ಅವನು ಎಲೆಕ್ಟ್ರಿಷಿಯನ್. ಲೋಕದ ಎಲ್ಲ ಕಷ್ಟಕ್ಕೂ ವೈರೇ ಮದ್ದು ಎಂದು ನಂಬಿದವನು.

"ಯಾಕೆ ಒದ್ದಾಡ್ತೀರಿ ಭಾವ? ವ್ಯಾನ್ ತಂದು ನಮ್ಮನೆ ಹಿಂದೆ ನಿಲ್ಸಿ. ಕಿಟಕಿಯಿಂದ ಒಂದು ವೈರ್ ಎಳೀತೀನಿ. ಲೈಟು, ಫ್ಯಾನು, ಟೀವಿ, ಎಲ್ಲಾ ಓಡುತ್ತೆ."

"ನಿಮ್ಮನೆ ಹಿತ್ತಲಿಗೆ ಪ್ರವಾಸ ಹೋಗ್ಬೇಕಾ ನಾನು?" ಮೇಷ್ಟ್ರ ಮೀಸೆಯಿಂದ ನೀರು ಹನಿಯುತ್ತಿತ್ತು, ಆದರೂ ಅದು ಕುಣಿಯಿತು. "ಕೇಳಿಸ್ಕೋ! ನನ್ನ ವ್ಯಾನಿಗೆ ವೈರೂ ಬೇಡ, ವೈರಿಗಳೂ ಬೇಡ!"

ಅಷ್ಟರಲ್ಲಿ ಪಕ್ಕದ ಮನೆಯ ಔಷಧಿ ಅಂಗಡಿಯವರು ಸೀಮೆಎಣ್ಣೆಯ ಲಾಟೀನು ಹಿಡಿದು ಬಂದರು. "ಇದಕ್ಕೆ ಸುತ್ತ ಗಾಜಿದೆ ಮೇಷ್ಟ್ರೇ, ಬೆಂಕಿ ಹೊರಗೇ ಬರಲ್ಲ" ಎಂದು ಇವರು ಬೇಡವೆನ್ನುವ ಮೊದಲೇ ಹಚ್ಚಿ ಒಳಗಿಟ್ಟು, ಮೇಷ್ಟ್ರನ್ನೂ ತಳ್ಳಿ ಬಾಗಿಲು ಮುಚ್ಚಿದರು. ಬೆಂಕಿ ಹೊರಗೆ ಬರಲಿಲ್ಲ, ನಿಜ. ಹೊಗೆಯೂ ಹೊರಗೆ ಬರಲಿಲ್ಲ. ಕೊನೆಗೆ ಮೇಷ್ಟ್ರೇ ಹೊರಗೆ ಬಂದರು, ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ. ಔಷಧಿ ಅಂಗಡಿಯವರು ಜೇಬಿನಿಂದ ಕೆಮ್ಮಿನ ಸಿರಪ್ ತೆಗೆದು ಅಲ್ಲೇ ಕುಡಿಸಿದರು. ಅದಕ್ಕೇ ಬಂದಿದ್ದರೇನೋ ಎನ್ನಿಸುವಷ್ಟು ಸಿದ್ಧವಾಗಿತ್ತು ಆ ಬಾಟಲಿ.

ಮೇಷ್ಟ್ರು ಹಟ ಬಿಡಲಿಲ್ಲ. ಹೂಗಿಡಗಳ ನಡುವೆ ನೆಟ್ಟಿದ್ದ ಸೋಲಾರ್ ದೀಪಗಳನ್ನೆಲ್ಲ ಕಿತ್ತು ತಂದು, ವ್ಯಾನಿನ ನೆತ್ತಿಯ ಮೇಲೆ ಬಿಸಿಲಿಗೆ ಸಾಲಾಗಿ ಮಲಗಿಸಿದರು. ಟಾರ್ಚಿಗೆ ಸೆಲ್ಲು ತರಲು ಪೇಟೆಗೆ ಹೋಗಿ ಬರುವಷ್ಟರಲ್ಲಿ ದೀಪಗಳು ಮಾಯ. ಅವುಗಳ ಮೇಲೆ ಒಂದು ಒದ್ದೆ ಕಂಬಳಿ ಹರಡಿಕೊಂಡಿತ್ತು.

ಮೇಲಿನ ಮಹಡಿಯ ಅಜ್ಜಿ ಬಾಲ್ಕನಿಯಿಂದ ಬಗ್ಗಿ ಹೇಳಿದರು: "ಎಷ್ಟು ಚೆನ್ನಾಗಿ ಬಿಸಿಲು ಬೀಳ್ತಿತ್ತು ಮೇಷ್ಟ್ರೇ! ಸುಮ್ನೆ ದಂಡ ಆಗ್ತಿತ್ತು."

"ಅಜ್ಜೀ, ಕಂಬಳಿ ತೆಗೀರಿ!"

"ನನ್ನ ಕಂಬಳಿಗಿಂತ ನಿಮ್ಮ ದೀಪ ಹೆಚ್ಚೇನ್ರೀ?"

"ಹೆಚ್ಚು! ನೂರು ಪಾಲು ಹೆಚ್ಚು!"

ಅಜ್ಜಿಗೆ ಎದುರಾಡಿದವರನ್ನು ಆ ಬೀದಿ ಕಂಡಿರಲಿಲ್ಲ. ಮೇಷ್ಟ್ರಿಗೆ ಮಾತ್ರ ಎದೆಯಲ್ಲಿ ಏನೋ ಸಡಿಲವಾದಂತೆ ಹಿತವಾಯಿತು. ಕಂಬಳಿಯನ್ನು ಮಡಚಿ ಕಾಂಪೌಂಡಿನ ಮೇಲಿಟ್ಟು, ಅಂಗಿಯ ತೋಳು ಏರಿಸಿ ಕೆಲಸಕ್ಕಿಳಿದರು. ಆಯುಷ್ಯವೆಲ್ಲ ಮಕ್ಕಳಿಗೆ ಬೆಳಕು ನೆರಳು ಬಿಡಿಸಲು ಕಲಿಸಿದವರು ಅವರು. ಮನೆಯಲ್ಲಿದ್ದ ಟಾರ್ಚು, ಸೆಲ್ಲಿನ ದೀಪ ಒಂದನ್ನೂ ಬಿಡದೆ ವ್ಯಾನಿಗೆ ಸಾಗಿಸಿದರು. ಗೂಡುಗಳ ಅಡಿಗೆ ಸೆಲ್ಲಿನ ದೀಪ ಅಂಟಿಸಿದರು. ನೀರು ತುಂಬಿದ ಬಿಳಿ ಕ್ಯಾನಿನ ಹಿಂದೆ ದೊಡ್ಡ ಟಾರ್ಚನ್ನು ಒರಗಿಸಿದರು. ಇಡೀ ಕ್ಯಾನೇ ಹುಣ್ಣಿಮೆಯ ಚಂದ್ರನಂತೆ ತಂಪಾಗಿ ಬೆಳಗಿತು.

ಹೆಂಡತಿ ಪರದೆ ಎಳೆದುಕೊಂಡು ಒಳಗೆ ಕೂತು ವಾರಪತ್ರಿಕೆಯ ಒಂದು ಪುಟ ಪೂರ್ತಿ ಓದಿದರು. "ಪರವಾಗಿಲ್ಲ ರೀ. ಹೊಗೆ ಇಲ್ಲ, ಶಾಖ ಇಲ್ಲ. ಸೂಜಿಗೆ ದಾರ ಪೋಣಿಸ್ಬಹುದು. ನಾನು ಬರ್ತೀನಿ."

ಮೇಷ್ಟ್ರ ಕಣ್ಣು ತುಂಬಿ ಬಂತು. ಇದು ಹೊಗೆಯಿಂದಲ್ಲ.

ಹೊರಗೆ ಮೂವರೂ ಕಾಯುತ್ತಿದ್ದರು. "ಹಗಲಲ್ಲಿ ಎಲ್ಲಾರೂ ಶೂರರೇ ಭಾವ" ಎಂದ ಎಲೆಕ್ಟ್ರಿಷಿಯನ್. "ಒಂದೆರಡು ಹತ್ತಿದ್ರೆ ಆಯ್ತಾ?"

ಮೇಷ್ಟ್ರು ವ್ಯಾನಿನ ಮೆಟ್ಟಿಲ ಮೇಲೆ ನಿಂತು ಮುಷ್ಟಿ ಎತ್ತಿದರು. "ಸಂಜೆ ಬನ್ರೋ! ಎಲ್ಲಾ ಹತ್ತಿಸ್ತೀನಿ!"

ಮೂವರೂ ಮುಖ ಮುಖ ನೋಡಿಕೊಂಡರು. ಆಮೇಲೆ ಚಪ್ಪಾಳೆ. ಅಜ್ಜಿಯೂ ತಟ್ಟಿದರು. ಗೆದ್ದೆನೆಂದು ಮೇಷ್ಟ್ರು ಬೀಗಿದರು.

ಸಂಜೆ ವ್ಯಾನು ಹೊರಡಿಸಲು ಬಂದು ನೋಡಿದರೆ ಅಜ್ಜಿ ಹಾಸಿಗೆ ಸುರುಳಿ ಕಟ್ಟಿಕೊಂಡು ನಿಂತಿದ್ದಾರೆ. ಔಷಧಿ ಅಂಗಡಿಯವರ ಕೈಯಲ್ಲಿ ಮಾತ್ರೆ ಡಬ್ಬಿ. ಭಾವಮೈದುನ ಆಗಲೇ ಸ್ಟೇರಿಂಗ್ ಹಿಡಿದು ಕೂತಿದ್ದಾನೆ.

"ಏನಿದೆಲ್ಲಾ?"

"ನೀವೇ ಹೇಳಿದ್ರಲ್ಲ, ಸಂಜೆ ಬನ್ನಿ, ಎಲ್ಲಾ ಹತ್ತಿಸ್ತೀನಿ ಅಂತ" ಎಂದರು ಔಷಧಿ ಅಂಗಡಿಯವರು. "ದೊಡ್ಡ ಮನಸ್ಸು ನಿಮ್ದು."

"ದೀಪ ಹತ್ತಿಸ್ತೀನಿ ಅಂದಿದ್ದು ನಾನು! ಜನಾನಲ್ಲ!"

"ದೀಪ ಹಚ್ಚೋದು ಮೇಷ್ಟ್ರೇ, ವ್ಯಾನ್ ಹತ್ತೋದು" ಎಂದು ವ್ಯಾಕರಣ ತಿದ್ದುತ್ತಲೇ ಅಜ್ಜಿ ಹತ್ತಿ ಮಂಚ ಹಿಡಿದರು.

ಮೇಷ್ಟ್ರಿಗೆ ಉರಿದುಹೋಯಿತು. ಹೆಂಡತಿಗೆ ಕೇಳಲೆಂದೇ ಗಟ್ಟಿಯಾಗಿ ಕೂಗಿದರು. "ಇವರು ಬರೋದಾದ್ರೆ ನಾನು ಬರಲ್ಲ! ಇಲ್ಲೇ ಇರ್ತೀನಿ!"

ಕ್ಯಾನಿನ ಬೆಳಕಿನಲ್ಲಿ ಕಾಲು ನೀಡಿ ಕೂತಿದ್ದ ಹೆಂಡತಿ ಪತ್ರಿಕೆಯಿಂದ ತಲೆ ಎತ್ತಿದರು. "ಹೌದಾ? ಹಾಗಿದ್ರೆ ಬೆಳಿಗ್ಗೆ ಗಿಡಕ್ಕೆ ನೀರು ಹಾಕಿ."

ವ್ಯಾನು ಹೊರಟೇ ಹೋಯಿತು. ಹೋಗಲಿ, ಎಂದುಕೊಂಡರು ಮೇಷ್ಟ್ರು. ಅಕ್ಕಪಕ್ಕದವರೆಲ್ಲ ತೊಲಗಿದರಲ್ಲ, ಇವತ್ತಾದರೂ ಬೀದಿಯಲ್ಲಿ ನೆಮ್ಮದಿ. ಒಳಗೆ ಹೋಗಿ ಸ್ವಿಚ್ ಒತ್ತಿದರು. ಬೆಳಕು ಬರಲಿಲ್ಲ. ಎದುರು ಮನೆಗಳಲ್ಲೆಲ್ಲ ದೀಪ ಉರಿಯುತ್ತಿತ್ತು. ಭಾವಮೈದುನನಿಗೆ ಫೋನ್ ಮಾಡಿದರು.

"ಅಯ್ಯೋ, ಮರ್ತೇಹೋಯ್ತು ಭಾವ! ನೀವು ಮನೆಯಿಂದ ವ್ಯಾನಿಗೆ ಕಳ್ಳ ವೈರ್ ಎಳೆದುಬಿಟ್ಟೀರಿ ಅಂತ ಮಧ್ಯಾಹ್ನವೇ ಫ್ಯೂಸ್ ಕಿತ್ತು ಜೇಬಿಗೆ ಹಾಕ್ಕೊಂಡೆ. ಇಲ್ಲೇ ಇದೆ. ನಾಳೆ ತಂದುಕೊಡ್ತೀನಿ. ಅಲ್ಲೀವರೆಗೆ ಒಂದು ಟಾರ್ಚ್ ಹಾಕ್ಕೊಳ್ಳಿ."

"ಟಾರ್ಚೆಲ್ಲಾ ವ್ಯಾನಲ್ಲಿದೆ ಕಣೋ!"

ಹಿಂದಿನಿಂದ ಹೆಂಡತಿಯ ದನಿ ಬಂತು. "ಮೊಂಬತ್ತಿ ಮುಟ್ಟೀರಿ ಜೋಕೆ!" ಅಷ್ಟು ಕೇಳಿಸಿ ಫೋನಿನ ಚಾರ್ಜೂ ಮುಗಿಯಿತು.

"ಯಾರ ಹಂಗೂ ಬೇಡ ನನಗೆ!" ಮೇಷ್ಟ್ರು ಕತ್ತಲಿಗೆ ಸವಾಲು ಹಾಕಿದರು. "ಯಾರಿಗೂ ತಲೆ ಬಗ್ಗಿಸೋನಲ್ಲ ನಾನು!" ಎಂದು ಗುಡುಗಿ, ಎದೆ ಸೆಟೆದು, ತಲೆ ಎತ್ತಿಕೊಂಡು, ಮಲಗುವ ಕೋಣೆಯ ಗಿಡ್ಡ ಬಾಗಿಲಿನತ್ತ ದಾಪುಗಾಲು ಹಾಕಿದರು.

ಧಡ್ಡೆಂದ ಆ ಸದ್ದು ಕೇಳಿ ಓಡಿಬರಲು ಪಕ್ಕದ ಮನೆಯಲ್ಲಿ ಯಾರೂ ಇರಲಿಲ್ಲ.