ಹಿಮಬಂಡಿಗೆ ಚಕ್ರವಿಟ್ಟ ಇದ್ರೀಸರ ಪರವಾಗಿ

ಉತ್ತರ ಸಮುದ್ರಗಳ ಒಡೆಯರೂ, ಕಂಡವರ ಮನೆ ಹೆಂಚು ಹಾರಿಸುವುದರಲ್ಲಿ ನಿಪುಣರೂ ಆದ ಶ್ರೀಮಾನ್ ಬಿರುಗಾಳಿಯವರ ಸನ್ನಿಧಿಗೆ,

ಮಾನ್ಯರೇ,

ಚನ್ನಪಟ್ಟಣದಲ್ಲಿ ಮರದ ಆಟಿಕೆ ಮಾಡಿಸುವ ನಾಗಲಕ್ಷ್ಮಮ್ಮನ ನಮಸ್ಕಾರಗಳು. ತಾವು ಕ್ಷೇಮವೆಂದು ಟೀವಿ ನೋಡಿ ತಿಳಿಯಿತು. ನಾವು ಅಷ್ಟು ಕ್ಷೇಮವಿಲ್ಲ.

ಉತ್ತರದ ಒಂದು ಚಳಿ ದೇಶದಿಂದ ನಮಗೆ ಪುಟಾಣಿ ಹಿಮಬಂಡಿಗಳ ಆರ್ಡರ್ ಬಂದಿತ್ತು; ಚಕ್ರವಿಲ್ಲದೆ ಜಾರುವ, ಮಕ್ಕಳು ದಾರ ಕಟ್ಟಿ ಹಿಮದ ಮೇಲೆ ಎಳೆಯುವಂಥವು. ನಮ್ಮ ಲೇತ್ ಕೆಲಸದ ಇದ್ರೀಸರು ಹಿಮವನ್ನು ಫ್ರಿಜ್ಜಿನೊಳಗಲ್ಲದೆ ಬೇರೆಲ್ಲೂ ಕಂಡವರಲ್ಲ. ಎಳೆಯುವ ಆಟಿಕೆಗೆ ಚಕ್ರವಿಲ್ಲದಿರುವುದುಂಟೇ, ಚಿತ್ರ ಬರೆದವರು ಮರೆತಿರಬೇಕು ಎಂದುಕೊಂಡು, ಎಲ್ಲಕ್ಕೂ ಅರಗಿನ ಬಣ್ಣದ ಚಕ್ರ ಕೂರಿಸಿಬಿಟ್ಟರು. ಆರ್ಡರ್ ತಂದಿದ್ದ ಬೆಂಗಳೂರಿನ ಏಜೆಂಟರು ಬಂದು, ಎಲ್ಲರೆದುರಿಗೆ ಅವರನ್ನು ಬುದ್ಧಿಗೇಡಿ ಎಂದು ಬೈದು, ಅಷ್ಟೂ ಚಕ್ರ ಬಿಚ್ಚಿಸಿದರು. ಇದ್ರೀಸರು ಬಿಚ್ಚಿಕೊಟ್ಟು, ಉಳಿ ಒರೆಸಿಟ್ಟು ಮನೆಗೆ ಹೋದವರು ತಿರುಗಿ ಬರಲಿಲ್ಲ. ಅವರಷ್ಟು ನಯವಾಗಿ ಅರಗು ಹಿಡಿಸುವವರು ನಮ್ಮಲ್ಲಿ ಇನ್ನೊಬ್ಬರಿಲ್ಲ. ಅವರಿಲ್ಲದೆ ನನ್ನ ಕಾರ್ಖಾನೆ ಬಾಗಿಲು ಹಾಕಬೇಕಾಗಿದೆ.

ಬಂಡಿಗಳು ಆ ದೇಶ ತಲುಪುವ ಹೊತ್ತಿಗೆ ಸರಿಯಾಗಿ ತಮ್ಮ ಸವಾರಿ ಹೊರಟಿತು. ಎಂದಿನ ದಾರಿ ಬಿಟ್ಟು, ಅದೇನು ಉತ್ಸಾಹವೋ, ತಾವು ಬಡಗಲಿಗೆ ಹೊರಳಿ, ಬೆಚ್ಚನೆಯ ಕಡಲಗಾಳಿಯನ್ನು ಮತ್ತೆ ಮತ್ತೆ ಆ ದೇಶದೊಳಕ್ಕೆ ನುಗ್ಗಿಸಿ, ಧ್ರುವದ ಚಳಿಯನ್ನು ಹೊಸ್ತಿಲಾಚೆಯೇ ನಿಲ್ಲಿಸಿದಿರಂತೆ. ಹಿಮ ಬೀಳಬೇಕಾದ ಕಡೆ ಮಳೆ, ಕೆಸರು. ಕನಕಪುರದವರು ಮಫ್ಲರ್ ಸುತ್ತಿಕೊಂಡು ಬಸ್ಸಿಗೆ ಕಾಯುತ್ತಿದ್ದಾಗ ಅಲ್ಲಿನವರು ಕೋಟು ಕಳಚಿ ತಿರುಗಾಡಿದರಂತೆ. ತಮ್ಮ ಔದಾರ್ಯಕ್ಕೆ ಎಣೆಯಿಲ್ಲ. ನಮ್ಮ ಬಂಡಿಗಳು ಮಾತ್ರ ಜಾರಲು ಜಾಗವಿಲ್ಲದೆ ಹಾಗೇ ವಾಪಸು ಬಂದವು. ಈಗ ಅದೇ ಏಜೆಂಟರು ಫೋನ್ ಮಾಡಿ, ಚಕ್ರ ಹಾಕಿ ಕಳಿಸಿ ಎನ್ನುತ್ತಿದ್ದಾರೆ.

ಇದ್ರೀಸರ ಮನೆಗೆ ನಾನೇ ಹೋಗಿ ಕರೆದೆ. "ಬಿಚ್ಚಿಸ್ದೋರೇ ಬಂದು ಹಾಕ್ಲಿ ಕಣಮ್ಮ, ಆಮ್ಯಾಕೆ ನಾನ್ ಬತ್ತೀನಿ," ಎಂದರು.

ಆದ್ದರಿಂದ ವಿನಂತಿ. ಮುಂದಿನ ಚಳಿಗಾಲಕ್ಕೆ ಯಾವ ದಾರಿ ಹಿಡಿಯುವಿರೆಂದು ನಾವು ಮರ ಕೊಯ್ಯುವ ಮೊದಲೇ ತಿಳಿಸಬೇಕು. ಬಿಡುವಾದರೆ ಇದ್ರೀಸರ ಮನೆಯಿರುವ ಬೈರಾಪಟ್ಟಣದ ಮೇಲೆ ಹಾದು ಬಂದು, ಅವರ ಬಾಗಿಲಲ್ಲಿ ನಿಂತು, ಹಿಮ ತಡೆದದ್ದು ತಾವೇ ಎಂದು ಏಜೆಂಟರ ಎದುರಿಗೆ ತಪ್ಪೊಪ್ಪಿಕೊಳ್ಳಬೇಕು. ಹೆಂಚು ಹಾರಿಸದೆ ಬರುವುದು ತಮಗೆ ಕಷ್ಟವೆಂದು ಬಲ್ಲೆ, ಆದರೂ ಪ್ರಯತ್ನಿಸಬೇಕು.

ವಿಶ್ವಾಸವಿಡಲು ಕಾರಣ ಕಾಣದಿದ್ದರೂ,
ತಮ್ಮ ವಿಶ್ವಾಸಿ,
ನಾಗಲಕ್ಷ್ಮಮ್ಮ
ಚನ್ನಪಟ್ಟಣ

ವಿ.ಸೂ.: ತಮ್ಮನ್ನು ಕಾಯದೆ ನಿನ್ನೆ ಏಜೆಂಟರು ಒಬ್ಬರೇ ಇದ್ರೀಸರ ಮನೆಗೆ ಹೋಗಿ, ಇಸ್ತ್ರಿ ಪ್ಯಾಂಟಿನಲ್ಲೇ ನೆಲದ ಮೇಲೆ ಕುಳಿತು, ಅವರ ಕಣ್ಣೆದುರಿಗೆ ಒಂದು ಬಂಡಿಗೆ ಚಕ್ರ ಕೂರಿಸಿದರು. ಎಳೆದರೆ ಅದು ನೆಟ್ಟಗೆ ಹೋಗದೆ, ತಮ್ಮಂತೆಯೇ ಪಕ್ಕಕ್ಕೆ ಹೊರಳುತ್ತದೆ. ಇದ್ರೀಸರು ಇಂದು ಕೆಲಸಕ್ಕೆ ಬಂದಿದ್ದಾರೆ. ಆ ಒಂದು ಬಂಡಿಯನ್ನು ಮಾತ್ರ ಸರಿಮಾಡದೆ, ತಮಗೆಂದು ತೆಗೆದಿಟ್ಟಿದ್ದಾರೆ.